ಕಾಟಾದ ಮೇಲೆ ಕಟಗಿ, ನೆಲಕ್ಕೆ ಬಿದ್ದರೆ ಕಸ

ಬೈಲಹೊಂಗಲದ ಯಾವುದಾದರೂ ಕಟಗಿ ಅಡ್ಡೆಗೆ ಮಳೆ ಬಿದ್ದ ಮರುದಿನ ಹೋಗಿ ನೋಡಿ. ಕರಿಜಾಲಿಯ ಬೊಡ್ಡೆಗೆ ಬೆರಳು ದಪ್ಪ ತೊಗಟೆ. ಬಿರುಕು ಬಿರುಕಿನಲ್ಲೂ ನೀರು ಕುಡಿದು ಕುಳಿತಿರುತ್ತದೆ. ಕ್ವಿಂಟಲ್ ಲೆಕ್ಕದಲ್ಲಿ ಕಾಟಾ ಮಾಡುವಾಗ ಆ ತೊಗಟೆಯೂ ಕಟಗಿ, ಅದು ಕುಡಿದ ನೀರೂ ಕಟಗಿ, ಒಳಗೆ ಸಂಸಾರ ಹೂಡಿದ ಇರುವೆಯೂ ಕಟಗಿ. ರೊಕ್ಕ ಎಣಿಸಿದ ಮೇಲೆ ಕೊಡಲಿ ಬಿದ್ದು ಅದೇ ತೊಗಟೆ ಕಳಚಿ ನೆಲಕ್ಕೆ ಬಿತ್ತೋ, ಕಸ! ರೊಕ್ಕ ಕೊಟ್ಟವನು ಕಸ ಹೊರಲು ನಾಚಿ ಬಿಟ್ಟು ಹೋಗುತ್ತಾನೆ. ಒಡೆಯುವವನು "ಚಕ್ಕಿ ನಮಗ ಇರ್ಲಿ ಬಿಡ್ರೀ ಸಾವ್ಕಾರ್ರ" ಎಂದರೆ, ಅಡ್ಡೆಯ ಸಾಹುಕಾರ ಆಗಲೇ ಮಾರಿದ್ದನ್ನು ದಾನ ಕೊಟ್ಟ ಪುಣ್ಯವನ್ನೂ ಜಮಾ ಮಾಡಿಕೊಳ್ಳುತ್ತಾನೆ.

ಕಾನೂನು ಮಾತ್ರ ತೊಗಟೆಯನ್ನು ಹೀಗೆ ಹೀಗಳೆದಿಲ್ಲ. ಬ್ರಿಟಿಷರು 1927ರಲ್ಲಿ ಬರೆದ ಅರಣ್ಯ ಕಾಯ್ದೆಯಲ್ಲಿ ಮರಮುಟ್ಟು, ಇದ್ದಿಲು, ಅರಗುಗಳ ಪಂಕ್ತಿಯಲ್ಲೇ ತೊಗಟೆಗೂ ಮಣೆ ಹಾಕಿದ್ದಾರೆ. ಕಾಡಿನಲ್ಲಿ ಸಿಗಲಿ, ಸಿಗದಿರಲಿ, ಅದು ಅರಣ್ಯ ಉತ್ಪನ್ನ. ಇಪ್ಪೆಯಂಥ ಒಂದೆರಡನ್ನು ಬಿಟ್ಟರೆ ಎಲೆ, ಹೂವು, ಹಣ್ಣಿಗೆ ಈ ಭಾಗ್ಯವಿಲ್ಲ. ಅವು ಕಾಡಿನಿಂದಲೇ ಬಂದಿರಬೇಕು. ಕಿತ್ತೂರಿನವರಿಗೆ ಪಡುವಣಕ್ಕೆ ಖಾನಾಪುರದ ಕಡೆ ಹೊರಟರೆ ನಿಜವಾದ ಕಾಡಾದರೂ ಸಿಗುತ್ತದೆ. ಸವದತ್ತಿಯ ಎರೆ ಹೊಲದಲ್ಲಿ ಕಣ್ಣು ಹಾಯುವವರೆಗೂ ಜೋಳ, ಕಡಲೆ, ಹತ್ತಿ. ಅಲ್ಲಿ ಬದುವಿನ ಜಾಲಿಯ ತೊಗಟೆಯನ್ನು ಮುದುಕಿಯೊಬ್ಬಳು ಸೆರಗಿನಲ್ಲಿ ಕಟ್ಟಿಕೊಂಡಳೆಂದರೆ ಆ ಕಾಯ್ದೆಯ ಲೆಕ್ಕದಲ್ಲಿ ಅವಳ ಸೆರಗಿಗೇ ಅರಣ್ಯ ಬಂತು. ರಾಮದುರ್ಗದವರು 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಸ್ವಂತ ರಾಜರನ್ನು ಇಟ್ಟುಕೊಂಡಿದ್ದರು. ಅವರ ತೊಗಟೆಗೆ ಈ ಮರ್ಯಾದೆ ತುಸು ತಡವಾಗಿ ದಕ್ಕಿರಬೇಕು.

ಇಂಥ ಊರುಗಳಿಗೆ ಆಗಾಗ ತರಬೇತಿ ಬರುತ್ತದೆ. ಬ್ಯಾನರಿನ ಮೇಲೆ 'ಕಸದಿಂದ ರಸ'. ತಜ್ಞರು ಬ್ರಿಕೆಟ್, ಬಯೋಚಾರ್, ಮಲ್ಚಿಂಗ್ ಎಂದು ಪರದೆಯ ಮೇಲೆ ಒಂದೊಂದೇ ಮಂತ್ರ ತೋರಿಸುತ್ತಾರೆ. ಹಿಂದಿನ ಸಾಲಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಲೆ ಆಡಿಸುತ್ತಾರೆ. ಒಪ್ಪಿಗೆಯೋ ತೂಕಡಿಕೆಯೋ ದೇವರೇ ಬಲ್ಲ. ಆಮೇಲೆ ಊಟ, ಸಹಿ, ಫೋಟೊ. ಇವರ ಮನೆಯಲ್ಲಿ ರಸ ತೆಗೆಯಲು ಕಸವೇ ಉಳಿದಿಲ್ಲ ಎಂಬ ಸಂಗತಿಗೆ ವರದಿಯಲ್ಲಿ ಕಾಲಂ ಇರುವುದಿಲ್ಲ. ರೊಟ್ಟಿಗೆ ಉರಿ ಜೋರಾಗಬೇಕು, ಅದಕ್ಕೆ ಹತ್ತಿಕಟಗಿ. ಸಿಬರು, ಪುಳ್ಳಿ ಒಲೆ ಹೊತ್ತಿಸಲಿಕ್ಕೆ. ಒಣಗಿದ ತೊಗಟೆ ನೀರೊಲೆಗೆ. ಅದರ ಅವಸರವಿಲ್ಲದ ಕೆಂಡಕ್ಕೆ ಹಂಡೆಯೇ ಸರಿ. ಬೂದಿ ಭಾಂಡೆ ತಿಕ್ಕಲು, ಬಿತ್ತುವ ಕಾಳಿಗೆ ಬೆರೆಸಿಡಲು. ಮಿಕ್ಕಿದ್ದು ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ.

ಇನ್ನು ಕೊಯ್ಯುವ ಮಿಲ್ಲಿನ ಹೊಟ್ಟು. ಹಳೆಯ ಎಣ್ಣೆ ಡಬ್ಬಿಯ ತಳದಲ್ಲಿ ಪಕ್ಕಕ್ಕೊಂದು ತೂತು. ನಡುವೆ ಬಾಟಲಿ ನಿಲ್ಲಿಸಿ, ತೂತಿನಿಂದ ಅದರ ಬುಡಕ್ಕೆ ತಾಗುವಂತೆ ಒಂದು ಕೋಲು ತೂರಿಸಿ, ಸುತ್ತ ಹೊಟ್ಟು ಸುರಿದು ಗುದ್ದಬೇಕು. ಗುದ್ದುವುದರಲ್ಲೇ ವಿದ್ಯೆ ಇರುವುದು: ಸಡಿಲಾದರೆ ನಡುರಾತ್ರಿ ಕುಸಿದು ನಂದಿಹೋಗುತ್ತದೆ. ಬಾಟಲಿಯನ್ನೂ ಕೋಲನ್ನೂ ಮೆಲ್ಲಗೆ ತಿರುವಿ ಕಿತ್ತು, ತೂತಿಗೊಂದು ಕಿಡಿ ತೋರಿಸಿದರೆ ಆಯಿತು, ಊದುವ ಗೋಜಿಲ್ಲದೆ ತಾಸುಗಟ್ಟಲೆ ಉರಿಯುತ್ತದೆ. ಇದನ್ನು ಕಲಿಸಲು ಯಾರೂ ಬ್ಯಾನರ್ ಕಟ್ಟಿರಲಿಲ್ಲ, ಹಾಗಾಗಿ ಇದು ತಂತ್ರಜ್ಞಾನ ಅಲ್ಲ.

ಹೊಗೆಯನ್ನು ಹಾಡಿ ಹೊಗಳುವ ಪೈಕಿಯವನು ನಾನಲ್ಲ. ಊದುಗೊಳವೆ ಊದಿ ಕಣ್ಣು ಕೆಂಪಾದವರನ್ನು ಕೇಳಿದರೆ ಸಂಸ್ಕೃತಿ ನೀವೇ ಇಟ್ಟುಕೊಳ್ಳಿ, ಗ್ಯಾಸ್ ಕೊಡಿ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎಂಬತ್ತರ ದಶಕದಲ್ಲಿ ಹೊಗೆಕೊಳವೆ ಇಟ್ಟ ಅಸ್ತ್ರ ಒಲೆ ಕೊಟ್ಟಾಗ ಅದು ನಿಜಕ್ಕೂ ಉಪಕಾರವೇ. 2016ರ ಮೇ 1ರಂದು ಉಜ್ವಲಾ ಶುರುವಾಗಿ 14.2 ಕಿಲೋ ಸಿಲಿಂಡರ್ ಬಡವರ ಮನೆಗೂ ಬಂತು. ಬಂದದ್ದು ಚಹಾಕ್ಕೆ, ಬೀಗರಿಗೆ. ಮೈತೊಳೆಯುವ ನೀರಿಗೆ ಗ್ಯಾಸ್ ಹಚ್ಚಿದ ಸೊಸೆಯನ್ನು ಅತ್ತೆ ನೋಡುವ ನೋಟಕ್ಕೇ ಒಂದು ಹಂಡೆ ನೀರು ಕಾಯುತ್ತದೆ.

ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ಬಿಟ್ಟಲ್ಲೆಲ್ಲ ಮೂರು ಕಲ್ಲಿನ ಒಲೆ. ಹೋಳಿಗೆ, ಕಡುಬು ಬೇಯುತ್ತದೆ, ಪಡ್ಡಲಗಿ ತುಂಬುತ್ತದೆ. ಜನ ಇಳಿದ ಮೇಲೆ ಉಳಿದ ಅರೆಸುಟ್ಟ ಕೊಳ್ಳಿಯನ್ನು ಆರಿಸಲು ಸುತ್ತಿನ ಹಳ್ಳಿಯ ಮುದುಕಿಯರು ಬಂದರೆ ಅದು ಬಡತನ. ಅದನ್ನೇ ಲಾರಿಯಲ್ಲಿ ಸಾಗಿಸಲು ಟೆಂಡರ್ ಕರೆದರೆ ಘನತ್ಯಾಜ್ಯ ನಿರ್ವಹಣೆ.

ಇದೇ ತೊಗಟೆ ಸರಿಯಾದ ಕಾಲಿಗೆ ಬಿದ್ದರೆ ಕಥೆಯೇ ಬೇರೆ. ಕರಿಜಾಲಿ ತೊಗಟೆಯಲ್ಲಿ ಒಗರಿದೆ, ಟ್ಯಾನಿನ್. ಅಳಲೆಕಾಯಿಯ ಜೊತೆ ಅದನ್ನು ನೆನೆಹಾಕಿ, ಆ ನೀರಿನಲ್ಲಿ ತೊಗಲು ಹದ ಮಾಡುವ ಕಸುಬಿನ ಮೇಲೆಯೇ ಕೊಲ್ಹಾಪುರಿ ಚಪ್ಪಲಿ ನಿಂತಿದೆ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಪಾಲುದಾರರಾದವು. ಹೆಸರು ಮಾತ್ರ ಕೊಲ್ಹಾಪುರದ್ದು. ಗಡಿಯ ವಿಷಯಕ್ಕೆ ಬಸ್ಸು ನಿಲ್ಲಿಸುವ ನಮ್ಮವರು ಈ ವಿಷಯಕ್ಕೆ ಒಂದು ಸೈಕಲ್ಲನ್ನೂ ನಿಲ್ಲಿಸಲಿಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೊಡಿಸಿ ನಡೆಸಿತು. ಬರೀ ಚರ್ಮದ ಚಪ್ಪಲಿ ಎಂದಿತ್ತು; ಗದ್ದಲವಾದ ಮೇಲೆ ಭಾರತದ ಕರಕುಶಲವೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಬೆಲೆ ಲಕ್ಷದ ಮೇಲೆ ಎಂದು ಪತ್ರಿಕೆಗಳು ಬರೆದವು. ಅತ್ತ ನಗರದ ಬಾಲ್ಕನಿಯಲ್ಲಿ ಆರ್ಕಿಡ್ ಬೆಳೆಯುವವರು ತೊಗಟೆಯ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಆನ್‌ಲೈನ್ ತರಿಸುತ್ತಾರೆ. ಕುಳ್ಳಂತೂ ಎಂದೋ ಆ ಅಂಗಡಿ ಹೊಕ್ಕಿದೆ.

ಈ ಲಕ್ಷದ ಚಪ್ಪಲಿಯ ಸುದ್ದಿಯನ್ನು ಅಡ್ಡೆಯಲ್ಲಿ ಚಕ್ಕಿ ಆರಿಸುತ್ತಿದ್ದ ಅಜ್ಜಿಗೆ ಹೇಳಿದೆ. ಬುಟ್ಟಿ ತುಂಬುವುದನ್ನು ನಿಲ್ಲಿಸದೆ ಕೇಳಿದಳು:

"ಹರದ ಮ್ಯಾಲೆ ನೀರೊಲಿಗೆ ಹಾಕಾಕ ಬರತೈತೇನೋ ತಮ್ಮಾ?"

ತೊಗಲು, ನಾರುತ್ತದೆ ಎಂದೆ.

"ಹಂಗಾದ್ರ ಕಸಾನ ಅದು."