ಗಡಂಗು ಸಂಕಥನ: ಕರಾವಳಿಯ ಶೇಂದಿ ಅಂಗಡಿಯ ಬಹುಶಿಸ್ತೀಯ ಅಧ್ಯಯನಕ್ಕೊಂದು ಪ್ರವೇಶಿಕೆ

ಪೀಠಿಕೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ರಸ್ತೆಯಿಂದ ತುಸು ಇಳಿದು, ಗದ್ದೆಯ ಅಂಚಿನಲ್ಲಿ, ಹಂಚಿನ ಮಾಡಿನ ಕೆಳಗೆ ಸಂಭವಿಸುವ 'ಗಡಂಗು' ಎಂಬ ಸಾಂಸ್ಕೃತಿಕ ಪಠ್ಯವನ್ನು ವಸಾಹತೋತ್ತರ, ಆಧುನಿಕೋತ್ತರ ಹಾಗೂ ಊಟೋತ್ತರ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಸಂಪ್ರಬಂಧದ ಆಶಯ. ಗಡಂಗು ಎಂದರೆ ಶೇಂದಿ ಅಂಗಡಿ. ಈ ವಾಕ್ಯ ಎಲ್ಲರಿಗೂ ಅರ್ಥವಾಗುವುದರಿಂದ ವಿದ್ವತ್ಸಭೆಯಲ್ಲಿ ಇದಕ್ಕೆ ಬೆಲೆಯಿಲ್ಲ. ಆದಕಾರಣ ಹೀಗೆ ನಿರ್ವಚಿಸಿಕೊಳ್ಳಲಾಗಿದೆ: 'ಸಸ್ಯಮೂಲ ದ್ರವವೊಂದರ ಸ್ವಯಂಪ್ರೇರಿತ ಹುದುಗುವಿಕೆಯ ಸುತ್ತ ಕಟ್ಟಿಕೊಂಡ, ಅಧಿಕಾರ ಕೇಂದ್ರದಿಂದ ಪರಿಧಿಗೆ ಸರಿಸಲ್ಪಟ್ಟ, ಬೆಂಚುಸಹಿತ ಸಂವಾದಿ ಅವಕಾಶವೇ ಗಡಂಗು.'

ಬೆಂಚುಸಹಿತ ಎಂಬುದನ್ನು ಗಮನಿಸಬೇಕು. ಬೆಂಚಿಲ್ಲದಿದ್ದರೆ ಅದು ಬರಿಯ ಮಾರಾಟ, ಸಂವಾದವಲ್ಲ.

ಈ ಅಧ್ಯಯನದ ಅಗತ್ಯವೇನೆಂದು ಕೆಲವರು ಕೇಳಬಹುದು. ಆಹಾರ ಸಂಸ್ಕೃತಿ ಕುರಿತ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪೂರ್ತಿ ಕುಳಿತು ಎದ್ದವರು ಹಾಗೆ ಕೇಳಲಾರರು. ಅಲ್ಲಿ ಮೀನಿನ ಸಾರನ್ನು 'ಜಲಚರ ಮೂಲದ ಪ್ರತಿರೋಧದ ರೂಪಕ' ಎಂದು ಹೊಗಳಿ ಇಳಿದವರು ಮಧ್ಯಾಹ್ನ ಕೇಟರಿಂಗಿನ ಪಲಾವು, ಗೋಬಿ ಮಂಚೂರಿಗೆ ಸಾಲು ನಿಂತರು. ಸಮುದ್ರ ಅಲ್ಲಿಂದ ಬೈಕಿನಲ್ಲಿ ಹತ್ತು ನಿಮಿಷ. ಪ್ರತಿರೋಧದ ರೂಪಕವನ್ನು ಒಂದು ತುಂಡು ಕೂಡ ಯಾರೂ ಬಡಿಸಲಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಮಹಾಕಾವ್ಯಕ್ಕೆ ಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಎಂದರೆ ನಮ್ಮ ಪೂರ್ವಸೂರಿಗಳು ನಗರ, ಸಮುದ್ರ, ಪರ್ವತ, ಚಂದ್ರೋದಯಗಳ ಸಾಲಿನಲ್ಲೇ ಕುಡಿತವನ್ನೂ ಕಡ್ಡಾಯ ಪತ್ರಿಕೆಯಾಗಿ ಇಟ್ಟಿದ್ದರು. ಅಬಕಾರಿ ಇಲಾಖೆಗೆ ಇದು ತಿಳಿದಿರುವಂತಿಲ್ಲ. ಆಧುನಿಕ ಕಾಲಕ್ಕೆ ಬಂದರೆ ಜಿ.ಪಿ. ರಾಜರತ್ನಂ ಹೆಂಡ ಮುಟ್ಟದೆಯೇ 'ರತ್ನನ ಪದಗಳು' ಬರೆದರು. ಕ್ಷೇತ್ರಕಾರ್ಯವಿಲ್ಲದೆ ಇಷ್ಟು ನಿಖರವಾದ ಫಲಿತಾಂಶ ಬಂದದ್ದು ಸಂಶೋಧನಾ ವಿಧಾನದ ಇತಿಹಾಸದಲ್ಲೇ ಅಪರೂಪ. ಕ್ಷೇತ್ರಕಾರ್ಯ ಮಾತ್ರ ಮಾಡಿ ಫಲಿತಾಂಶವೇ ಇಲ್ಲದವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಅಧ್ಯಯನ ವಿಧಾನ

'ಸಹಭಾಗಿ ಅವಲೋಕನ' ವಿಧಾನವನ್ನು ಅನುಸರಿಸಲಾಗಿದೆ. ಈ ವಿಧಾನದ ಮಿತಿಯೆಂದರೆ ಎರಡನೆಯ ಕುಪ್ಪಿಯ ನಂತರ ಸಹಭಾಗ ಏರುತ್ತದೆ, ಅವಲೋಕನ ಇಳಿಯುತ್ತದೆ. ಅಂಗಡಿಯ ಯಜಮಾನರೊಂದಿಗೆ ನಡೆಸಿದ ಆಳ ಸಂದರ್ಶನದ ಪೂರ್ಣ ಪಾಠ ಇದು:

"ಈ ಅವಕಾಶವನ್ನು ನೀವು ಹೇಗೆ ನಿರ್ವಚಿಸಿಕೊಳ್ಳುತ್ತೀರಿ ಅಣ್ಣ?"

"ಎಂತ?"

"ಅಂದ್ರೆ, ಈ ಅಂಗಡಿ ನಿಮಗೆ ಏನು ಅಂತ."

"ಅಂಗಡಿಯೇ ಅಲ್ವಾ ಮಾರಾಯ್ರೆ. ಕುಪ್ಪಿ ಒಂದಾ, ಎರಡಾ?"

"ಸ್ಥಳೀಯ ಅನನ್ಯತೆಯ ದೃಷ್ಟಿಯಿಂದ..."

"ಬಂಗುಡೆ ಈಗ ಹೇಳಿದ್ರೆ ಉಂಟು. ಆಮೇಲೆ ಕೇಳಿದ್ರೆ ಇಲ್ಲ."

ವಕ್ತೃವಿನಿಂದ ಇದಕ್ಕಿಂತ ಹೆಚ್ಚಿನ ಮಾಹಿತಿ ದೊರೆಯಲಿಲ್ಲ. ಬೇಕಾಗಿಯೂ ಇರಲಿಲ್ಲ.

ದ್ರವಮೀಮಾಂಸೆ

ಕರಾವಳಿಯ ಶೇಂದಿ ತೆಂಗಿನದು, ತಾಳೆಯದು. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಎಲುಬಿನಿಂದಲೋ ಗಟ್ಟಿ ಮರದ ತುಂಡಿನಿಂದಲೋ ಹದವಾಗಿ ಬಡಿಯುತ್ತಾರೆ. ಜೋರಾಗಿ ಬಡಿದರೆ ಹೊಂಬಾಳೆ ಕೆಡುತ್ತದೆ, ಮೆಲ್ಲಗೆ ಬಡಿದರೆ ರಸ ಬಾರದು. ತುದಿಯನ್ನು ಕತ್ತಿಯಿಂದ ಎಳೆಯಷ್ಟು ಕೆತ್ತಿ ಮಡಕೆ ಕಟ್ಟುತ್ತಾರೆ. ಬೆಳಿಗ್ಗೆ ಹತ್ತಬೇಕು, ಸಂಜೆ ಹತ್ತಬೇಕು. ಹಬ್ಬವೆಂದು ಬಿಡುವಂತಿಲ್ಲ, ಜ್ವರವೆಂದು ಬಿಟ್ಟರೆ ಹೊಂಬಾಳೆ ಒಣಗುತ್ತದೆ. ಹೀಗೆ ಹತ್ತುವವರನ್ನು ಇಲ್ಲಿ ಮೂರ್ತೆದಾರರು ಎನ್ನುತ್ತಾರೆ.

ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಇಳಿಯುವುದು ನೀರಾ: ಸಿಹಿ, ಅಮಲಿಲ್ಲ. ಅದನ್ನು ಕುದಿಸಿದರೆ ಬೆಲ್ಲ. ಸುಣ್ಣವಿಲ್ಲದಿದ್ದರೆ ರಸ ಮಡಕೆಗೆ ಬೀಳುತ್ತಿದ್ದಂತೆ ಗಾಳಿಯ, ಮಡಕೆಯ ಈಸ್ಟು, ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಹತ್ತುತ್ತವೆ. ಕೆಲವೇ ಗಂಟೆಗಳಲ್ಲಿ ನೂರಕ್ಕೆ 4-5 ಪಾಲು ಮದ್ಯಸಾರ ಬರುತ್ತದೆ. ಮರುದಿನಕ್ಕೆ ಹುಳಿ, ಇನ್ನೂ ಬಿಟ್ಟರೆ ವಿನಿಗರ್. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಾನ್ನಾ ಎಂಬ ಇಡ್ಲಿಯ ಹಿಟ್ಟು ಉಬ್ಬುತ್ತಿದ್ದದ್ದೂ ಶೇಂದಿಯಿಂದಲೇ. ಕಾರ್ಖಾನೆಯಿಲ್ಲ, ಬಾಯ್ಲರಿಲ್ಲ, ಕಂಪನಿಯ ಲೇಬಲ್ಲಿಲ್ಲ. ಶೇಂದಿಯನ್ನು ದಾಸ್ತಾನು ಮಾಡಿ, ಲಾರಿಯಲ್ಲಿ ಹೇರಿ, ಮೂರು ಜಿಲ್ಲೆಯಾಚೆ ಮಾರಲು ಬರುವುದಿಲ್ಲ. ಬಂಡವಾಳಕ್ಕೆ ಇದರ ಮೇಲೆ ಇರುವ ಸಿಟ್ಟಿನ ಮೂಲ ಇಲ್ಲಿದೆಯೆಂದು ಪ್ರಸ್ತುತ ಸಂಶೋಧಕನ ಊಹೆ. ಊಹೆಗೆ 'ತಾತ್ವಿಕ ಪ್ರಮೇಯ' ಎಂಬ ಹೆಸರೂ ಉಂಟು.

ಗಿರಾಕಿಗಳ ಪಂಚವಿಧ ವರ್ಗೀಕರಣ

ಒಂದು, ಪ್ರಾತಃಕಾಲೀನರು. ಕೆಲಸಕ್ಕೆ ಹೋಗುವ ಮುಂಚೆ ನಿಂತೇ ಕುಡಿದು, ಗಲ್ಲಾದ ಮೇಲೆ ಚಿಲ್ಲರೆ ಇಟ್ಟು, ಒಂದೂ ಮಾತಾಡದೆ ಹೋಗುವವರು. ಇವರನ್ನು 'ಮೌನ ಸಂಕಥನಕಾರರು' ಎನ್ನಬಹುದು.

ಎರಡು, ಭಾಷಣಕಾರರು. ಇವರು ಒಂದೇ ಕುಪ್ಪಿಯಲ್ಲಿ ಪಂಚಾಯತಿಯಿಂದ ವಿಶ್ವಸಂಸ್ಥೆಯವರೆಗೆ ತಲುಪುತ್ತಾರೆ. ವಿಶ್ವವಿದ್ಯಾಲಯದಲ್ಲೂ ಈ ವರ್ಗವಿದೆ. ಅಲ್ಲಿ ಕುಪ್ಪಿ ಇರುವುದಿಲ್ಲ.

ಮೂರು, ನಗರದಿಂದ ಬಂದ ಆಸ್ವಾದಕರು. ಇವರು ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, 'ಮುಂಬಾಯಲ್ಲಿ ತೆಂಗು, ಹಿಂಬಾಯಲ್ಲಿ ಮಣ್ಣು' ಎಂದು ಘೋಷಿಸುತ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ, ವಿದೇಶದ ಮಾಲ್ಟು, ವಿದೇಶದ ಹಾಪ್ಸು ಹಾಕಿದ ಲೋಟವೊಂದಕ್ಕೆ 'ಲೋಕಲ್' ಎಂಬ ಹೆಸರಿನಲ್ಲಿ ಮುನ್ನೂರು ರೂಪಾಯಿ ಮೇಲೆ ಕೊಟ್ಟು ಅಭ್ಯಾಸವಾದವರು. ಇಲ್ಲಿ ಮಾತ್ರ ಚೌಕಾಶಿ ಮಾಡುತ್ತಾರೆ.

ನಾಲ್ಕು, ಬಂಗುಡೆ ಬಂತು.

ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಆಹಾರ

ಗಡಂಗಿನ ಅಡುಗೆಮನೆಯನ್ನು ಯಾವ ಪರಿಭಾಷೆಯಲ್ಲಿ ಹಿಡಿಯುವುದೆಂದು ತುಂಬ ಯೋಚಿಸಿ ಸೋತ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮಣ್ಣಿನ ಪಾತ್ರೆಯಲ್ಲಿ ಬಂಗುಡೆಯ ಪುಳಿಮುಂಚಿ. ಹುಣಸೆ, ಒಣಮೆಣಸು, ಶುಂಠಿ, ಬೆಳ್ಳುಳ್ಳಿ ಇಷ್ಟೇ; ತೆಂಗಿನಕಾಯಿ ಹಾಕುವುದಿಲ್ಲ. ನಿನ್ನೆಯದಾದರೆ ಇನ್ನೂ ಒಳ್ಳೆಯದು, ಮೀನಿನ ಒಳಗಿನ ತನಕ ಹುಳಿ ಇಳಿದಿರುತ್ತದೆ. ಬೂತಾಯಿ ಅಗ್ಗದ ಮೀನು. ಕಾವಲಿಯ ಮೇಲೆ ತನ್ನ ಎಣ್ಣೆಯಲ್ಲಿ ತಾನೇ ಅರ್ಧ ಬೇಯುತ್ತದೆ. ಹದವಾದ ಹುಳಿಯ ಶೇಂದಿಗೆ ಅದರಷ್ಟು ಹೊಂದುವ ತಿಂಡಿ ನನಗೆ ಗೊತ್ತಿಲ್ಲ. ಮರುವಾಯಿ ಸುಕ್ಕ ಸಿಕ್ಕಿದರೆ ಚಿಪ್ಪು ಚೀಪುವ ಸದ್ದು ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಕೆಲವೆಡೆ ಕೋಳಿ ಸುಕ್ಕ, ಕೆಲವೆಡೆ ಹಂದಿ, ಏನೂ ಇಲ್ಲವೆಂದರೆ ಬೇಯಿಸಿದ ಮೊಟ್ಟೆ, ಕಡ್ಲೆ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಒಣಸಿಗಡಿ ಚಟ್ನಿ ಬರುತ್ತದೆ: ಕೆಂಡದಲ್ಲಿ ಸುಟ್ಟ ಮೆಣಸು, ತೆಂಗಿನಕಾಯಿ, ಹುಳಿ. ಅದರ ಜೊತೆಗೆ ಕುಚ್ಚಲಕ್ಕಿ ಗಂಜಿ. ಹೊರಗೆ ಮಳೆ ಸುರಿಯುತ್ತಿರುವಾಗ ಆ ಗಂಜಿಯ ಬಟ್ಟಲಿನ ಎದುರು ಕುಳಿತವನಿಗೆ ವಸಾಹತೋತ್ತರ ಸ್ಥಿತಿಯ ಬಗ್ಗೆ ಯಾವ ಗೊಂದಲವೂ ಉಳಿಯುವುದಿಲ್ಲ.

ಇದನ್ನೆಲ್ಲ ಮಾಡುವವರು ಹೆಚ್ಚಾಗಿ ಯಜಮಾನರ ಹೆಂಡತಿ ಅಥವಾ ಅಕ್ಕ. ಒಳಗಿನಿಂದ ಕೈ ಮಾತ್ರ ಕಾಣುತ್ತದೆ. ಆಹಾರ ಸಂಸ್ಕೃತಿಯ ವಿಚಾರ ಸಂಕಿರಣಕ್ಕೆ ಆ ಕೈಯ ಒಡತಿಯನ್ನು ಯಾರೂ ಕರೆದದ್ದಿಲ್ಲ. ಕರೆದರೂ ಅವರು ಬರಲಿಕ್ಕಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳಿರುತ್ತಾರೆ.

ದೂರಮೀಮಾಂಸೆ

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಆದೇಶಿಸಿತು. ಮರುವರ್ಷ ಮಾರ್ಚ್ 31ರಂದು, ಇಪ್ಪತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳ ಮಟ್ಟಿಗೆ ಅದು 220 ಮೀಟರಿಗೆ ಇಳಿಯಿತು. ಕುಡಿದು ವಾಹನ ಓಡಿಸುವವರಿಂದ ಸಾಯುವವರ ಲೆಕ್ಕ ಕೋರ್ಟಿನ ಮುಂದಿತ್ತು, ಅದರಲ್ಲಿ ನಗುವಂಥದ್ದೇನೂ ಇಲ್ಲ. ಆಮೇಲೆ ನಡೆದದ್ದು ಮಾತ್ರ ಪ್ರಹಸನ. ಕೆಲವು ರಾಜ್ಯಗಳು ರಸ್ತೆಯನ್ನು ಮುಟ್ಟದೆ, ಬಾರನ್ನೂ ಮುಟ್ಟದೆ, ಹೆದ್ದಾರಿಯನ್ನೇ ಜಿಲ್ಲಾ ರಸ್ತೆಯೆಂದು ಕಾಗದದಲ್ಲಿ ಬದಲಿಸಿದವು. ಕೇರಳದ ಉತ್ತರ ಪರವೂರಿನ ಬಾರೊಂದು ಅಂಗಳದಲ್ಲಿ ಸುತ್ತುಗೋಡೆಗಳ ಚಕ್ರವ್ಯೂಹ ಕಟ್ಟಿ, ಗಿರಾಕಿ ನಡೆಯುವ ದಾರಿಯನ್ನು 500 ಮೀಟರ್ ದಾಟಿಸಿತು. ಅಭಿಮನ್ಯುವಿಗೆ ಹೊರಬರುವ ದಾರಿ ಗೊತ್ತಿರಲಿಲ್ಲ. ಇಲ್ಲಿನವರಿಗೆ ಹೊರಬರುವಾಗಲೇ ದಾರಿ ತಪ್ಪುವುದು ಹೆಚ್ಚು.

ಬಾರಿನವರಿಗೆ ಗೋಡೆ ಕಟ್ಟಲು ದುಡ್ಡಿದೆ, ವಾದಿಸಲು ವಕೀಲರಿದ್ದಾರೆ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ಅಂಚಿನ ಅಂಗಡಿಗಳ ಮಾಡುಗಳು ಎಷ್ಟೋ ಉರುಳಿದವು. ಗಡಂಗಿನವನಿಗೆ ಚಕ್ರವ್ಯೂಹ ರಚಿಸುವಷ್ಟು ಅಂಗಳ ಎಲ್ಲಿಯದು?

ಬಯಲುಸೀಮೆಯ ಪ್ರಶ್ನೆ

ಇಲ್ಲಿಂದ ಮುಂದೆ ಪರಿಭಾಷೆ ಬೇಡ.

ಘಟ್ಟ ಹತ್ತಿದರೆ ಶೇಂದಿ ಅಪರಾಧ. 2004ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಕರಾವಳಿಯ ಎರಡು ಜಿಲ್ಲೆಗಳಿಗೆ ಮಾತ್ರ ವಿನಾಯಿತಿ. ನಿಷೇಧಕ್ಕೆ ಕಾರಣವೂ ಇತ್ತು. ಬಯಲುಸೀಮೆಯ ಈಚಲ ಮರಗಳು ಕೊಡಬಹುದಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು 'ಶೇಂದಿ' ಮಾರಾಟವಾಗುತ್ತಿತ್ತು. ನೀರಿಗೆ ಕ್ಲೋರಲ್ ಹೈಡ್ರೇಟ್ ಬೆರೆಸಿದ ವಿಷ ಅದು. ಬೆರೆಸಿದವರು ಮರ ಹತ್ತುವವರಲ್ಲ, ಗುತ್ತಿಗೆದಾರರು. ಶಿಕ್ಷೆ ಮರಕ್ಕಾಯಿತು. ಮುಂದೆ 2007ರ ಜುಲೈ ಒಂದರಿಂದ ಸಾರಾಯಿಯೂ ನಿಷೇಧವಾಯಿತು. ಕುಡಿತದಿಂದ ಮನೆ ಹಾಳಾದ ಹೆಂಗಸರು ಅದಕ್ಕಾಗಿ ಬೀದಿಗಿಳಿದಿದ್ದರು, ಅವರ ಕೂಗು ಸುಳ್ಳಲ್ಲ. ಆದರೆ ಸಾರಾಯಿ ಹೋದ ಜಾಗಕ್ಕೆ ಬಂದದ್ದು ಏನು? ಅಗ್ಗದ ವಿಸ್ಕಿ, ಅದೂ ಕೂಲಿಯವನ ಜೇಬಿಗೆ ಹಿಡಿಯುವಷ್ಟು ಸಣ್ಣ ರಟ್ಟಿನ ಪೊಟ್ಟಣದಲ್ಲಿ. ಕುಡಿಯುವವನು ಕುಡಿಯುತ್ತಲೇ ಇದ್ದಾನೆ, ಹೊಡೆತ ತಿನ್ನುವವಳು ತಿನ್ನುತ್ತಲೇ ಇದ್ದಾಳೆ, ದುಡ್ಡು ಮಾತ್ರ ದಾರಿ ಬದಲಿಸಿತು. 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ 30,000 ಕೋಟಿ ರೂಪಾಯಿ ದಾಟಿತು. ನೂರಕ್ಕೆ 4-5 ಪಾಲಿನ ಶೇಂದಿ ಅಪರಾಧ, 42.8 ಪಾಲಿನ ವಿಸ್ಕಿ ಆದಾಯ. ಪಾನನಿಷೇಧಕ್ಕೆ ಯತ್ನಿಸಬೇಕೆಂಬ ಸಂವಿಧಾನದ 47ನೆಯ ವಿಧಿ ತನ್ನ ಜಾಗದಲ್ಲಿ ತಾನಿದೆ.

ಶೇಂದಿ ಬೇಡವೆಂದದ್ದು ಸರ್ಕಾರ ಮಾತ್ರವಲ್ಲ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಶೇಂದಿ ಇಳಿಸುವುದೂ ಬೇಡ, ಮಾರುವುದೂ ಬೇಡ, ಕುಡಿಯುವುದೂ ಬೇಡವೆಂದು ಬೋಧಿಸಿದವರು. ಮೂರ್ತೆಯ ಕಸುಬಿನ ಬಿಲ್ಲವರು ಬಹಳ ಮಂದಿ ಅವರ ಮಾತಿಗೆ ತಲೆಬಾಗಿ ಕತ್ತಿ ಕೆಳಗಿಟ್ಟರು, ಮಕ್ಕಳನ್ನು ಓದಿಸಿದರು. ಆ ಬೇಡವೆನ್ನುವುದರಲ್ಲಿ ಆ ಜನರ ಮೇಲಿನ ಪ್ರೀತಿಯಿತ್ತು. ಗುರುಗಳ ಎದುರು ನನ್ನ ವಾದ ನಿಲ್ಲುವುದಿಲ್ಲವೆಂದು ಗೊತ್ತಿದೆ. ಶೇಂದಿಗೆ ಬಾಗಿಲು ಹಾಕಿ ವಿಸ್ಕಿಗೆ ತೆರೆದವರ ಎದುರು ಖಂಡಿತ ನಿಲ್ಲುತ್ತದೆ.

ಈಗ ಮರ ಹತ್ತುವವರು ಹೆಚ್ಚಾಗಿ ನಡುವಯಸ್ಸು ದಾಟಿದವರು. ಅವರ ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ, ಇರಲಿ, ಚೆನ್ನಾಗಿರಲಿ. ಇಪ್ಪತ್ತು ಅಡಿ ಮೇಲೆ ಜಾರುವ ಕಾಲಿನ ಕೆಲಸವನ್ನು ಯಾವ ತಂದೆಯೂ ಮಗನಿಗೆ ಕೊಡಬೇಕಾಗಿಲ್ಲ. ಆದರೆ ಮರದಿಂದ ಬಿದ್ದು ಸೊಂಟ ಮುರಿದವನ ಆಸ್ಪತ್ರೆಯ ಖರ್ಚಿಗೆ ಅರ್ಜಿ ಹಿಡಿದು ಓಡಾಡುವುದು ಅವನ ಹೆಂಡತಿಯ ಪಾಲಿಗೇ ಏಕೆ ಬರಬೇಕು? ನೀರಾ ಇಳಿಸಲು ಅವಕಾಶ ಕೊಡುವ ತಿದ್ದುಪಡಿ 2016ರಲ್ಲಿ ಬಂದಾಗ ಎಷ್ಟು ಭಾಷಣಗಳಾದವು! ಭಾಷಣ ಮಾಡಿದವರಲ್ಲಿ ಯಾರಿಗೂ ಮರ ಹತ್ತಲು ಬರುತ್ತಿರಲಿಲ್ಲ.

ಮುಂದಿನ ಸಂಶೋಧಕರಿಗೆ ಸೂಚನೆಗಳು

ಹೋಗುವವರು ಮಧ್ಯಾಹ್ನಕ್ಕೆ ಮುಂಚೆ ಹೋಗಿ, ಶೇಂದಿ ಅಷ್ಟು ಹೊತ್ತಿಗೆ ಹದದಲ್ಲಿರುತ್ತದೆ. ಗಾಡಿ ಓಡಿಸಲು ಕುಡಿಯದವರೊಬ್ಬರು ಜೊತೆಗಿರಲಿ. ಗ್ಲಾಸಿನ ಫೋಟೊ ತೆಗೆಯುವುದಾದರೆ ತೆಗೆಯಿರಿ, ಪಕ್ಕದ ಬೆಂಚಿನವರ ಫೋಟೊ ಮಾತ್ರ ಬೇಡ. ಅವರ ಮನೆಯಲ್ಲಿ ಅವರು ಪೇಟೆಗೆ ಹೋದದ್ದು ಎಂದಿರುತ್ತದೆ. ಚೌಕಾಶಿ ಮಾಡಬೇಡಿ. ಮರ ಇಳಿದು ಮೂರ್ತೆದಾರರು ಅಲ್ಲೇ ಕುಳಿತಿದ್ದರೆ ಅವರ ಪ್ಲೇಟಿನ ಬೂತಾಯಿಯ ದುಡ್ಡನ್ನೂ ನೀವೇ ಕೊಡಿ.