ತೊನ್ನಿಗೂ ಅರ್ಹತೆ ಬೇಕು

ತೊನ್ನು ಅಂಟುಜಾಡ್ಯವಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶ ಮಾಡುವ ರೋಗ. ಮದುವೆ ಮಾತುಕತೆಯಲ್ಲಿ ಒಂದು ಚುಕ್ಕೆಯೂ ಹೆಚ್ಚು. ಔಷಧ ಪ್ರಯೋಗದ ಲೆಕ್ಕವೇ ಬೇರೆ. ಅಮೆರಿಕ, ಯುರೋಪುಗಳಲ್ಲಿ ನಡೆದ ರುಕ್ಸೋಲಿಟಿನಿಬ್ ಮುಲಾಮಿನ ಪ್ರಯೋಗಗಳಲ್ಲಿ ಕಲೆ ಮೈಯ ಶೇ. 10 ಮೀರುವಂತಿರಲಿಲ್ಲ. ಇಂಥ ನಿಯಮದಡಿ ಸಂದರ್ಶನ ಸಾಗುವುದು ಹೀಗೆ:

“ಕಲೆ ಎಷ್ಟಿದೆ?”

“ಹನ್ನೊಂದು ಪರ್ಸೆಂಟು, ಡಾಕ್ಟ್ರೇ.”

“ಜಾಸ್ತಿಯಾಯ್ತಲ್ರೀ!”

“ಹೆಣ್ಣಿನ ಮನೆಯವರೂ ಹಾಗೇ ಅಂದ್ರು.”

“ಮುಖದ ಮೇಲಿದೆಯಾ?”

“ದೇವರ ದಯೆ, ಇಲ್ಲ.”

“ಛೆ, ಇರಲೇಬೇಕಿತ್ತು!”

“ಸೇರಿದವರಿಗೆಲ್ಲ ಮದ್ದು ಸಿಗುತ್ತಾ?”

“ಮೂವರಲ್ಲಿ ಒಬ್ಬರಿಗೆ ಮದ್ದಿಲ್ಲದ ಬರೀ ಮುಲಾಮು. 24 ವಾರ ಯಾರಿಗೆ ಯಾವುದು ಅಂತ ನನಗೂ ಗೊತ್ತಾಗಲ್ಲ.”

ಆ ಮುಲಾಮಿಗೆ ಅಮೆರಿಕ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಭಾರತದ ಔಷಧ ಪ್ರಯೋಗಗಳ ವಿವರ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ) ನೋಂದಣಿಯಲ್ಲಿದೆ. ಸೇರಿಸಿಕೊಳ್ಳಲು ದುಡ್ಡು ಕೇಳುವವರನ್ನು ನಂಬಬೇಡಿ.