ಅಶೋಕನಿಗೂ ಇದ್ದ ಫೈಲ್ ತಾಪತ್ರಯ

ರಾಯಚೂರು ಜಿಲ್ಲೆಯ ಗಬ್ಬೂರಿನ ಗುಡಿಗಳಲ್ಲಿ ಶಾಸನ ಕೆತ್ತಿಸಿದವರಿಗೆ, ಈ ಬರಹ ಇನ್ನೊಂದು ಕಲ್ಲಿನಲ್ಲಿ ಓಪನ್ ಆದೀತೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ. ಅದೇ ಊರಲ್ಲಿ ಈಗ ಕಾದಂಬರಿ ಬರೆಯುವವರಿಗೆ ಅದೇ ಚಿಂತೆ. ಅರ್ಧ ಅಧ್ಯಾಯ ಮನೆಯ ಕಂಪ್ಯೂಟರಿನಲ್ಲಿ, ಉಳಿದರ್ಧ ರಾಯಚೂರು ಬಸ್ಸಿನಲ್ಲಿ ಮೊಬೈಲಿನ ಮೇಲೆ. ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಂಡರೆ ಸಾಲದೇ ಎನ್ನುವವರುಂಟು. ಸಾಲುತ್ತದೆ, 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎಂಬ ಮೂವರು ದಾಯಾದಿಗಳು ಆಸ್ತಿಗೆ ಜಗಳ ತೆಗೆಯುವವರೆಗೆ.

ನನ್ನ ವಾದವಿಷ್ಟೇ: ಫೈಲ್ ಸಾಗಿಸುವ ದಾರಿ ಹುಡುಕುವ ಮುನ್ನ ಫೈಲನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದು ಮೊಬೈಲಿನಲ್ಲಿ ಕನ್ನಡವಾಗಿ ಕಾಣದು, ಯಾರೋ ಬೈದಂತೆ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ ಸಾದಾ ಟೆಕ್ಸ್ಟ್ ಫೈಲ್ ಮಾಡಿಟ್ಟರೆ ಮೊಬೈಲಿಗೂ ಸಿಗಿಸಬಹುದಾದ ಓಟಿಜಿ ಪೆನ್‌ಡ್ರೈವ್ ಕೂಡ ಸಾಕು. ಗೂಗಲ್ ಡ್ರೈವ್ ಇರುವಾಗ ಇದೆಲ್ಲ ಯಾಕೆ ಎಂದರೆ, ನೆಟ್‌ವರ್ಕ್ ಇರುವವರೆಗೆ ಆ ಮಾತು ಸರಿ. ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶಕ್ಕೆ ಇಂಟರ್ನೆಟ್ಟೂ ಬೇಡ. ಒಂದೇ ವೈಫೈಯಲ್ಲಿದ್ದರೆ ಎರಡೂ ಯಂತ್ರಗಳು ನೇರವಾಗಿ ಫೈಲ್ ಹಂಚಿಕೊಳ್ಳುತ್ತವೆ. ಆದರೆ ಒಂದು ಕಡೆ ಅಳಿಸಿದರೆ ಅದು ಇನ್ನೊಂದು ಕಡೆಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ, ಹಾಗಾಗಿ ಬೇರೊಂದು ಪ್ರತಿ ಇರಲೇಬೇಕು. ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಎರಡು ಪ್ರತಿಗಳೂ ಉಳಿಯುತ್ತವೆ. ಇದಕ್ಕೆ ಗೊಣಗುವವರು ನಮ್ಮ ಜಿಲ್ಲೆಯ ಮಸ್ಕಿ ನೋಡಲಿ. ಅಶೋಕನ ಶಾಸನದ ಬ್ರಹ್ಮಗಿರಿ, ಸಿದ್ದಾಪುರದ ಪ್ರತಿಗಳಲ್ಲಿ ರಾಜ ಬರೀ 'ದೇವಾನಾಂಪಿಯ', ಅಂದರೆ ದೇವರಿಗೆ ಪ್ರಿಯನಾದವನು. 1915ರಲ್ಲಿ ಸಿಕ್ಕ ಮಸ್ಕಿಯ ಪ್ರತಿಯಲ್ಲಿ ಅಶೋಕ ಎಂಬ ಹೆಸರೂ ಇತ್ತು. ಎಲ್ಲ ಪ್ರತಿಗಳೂ ಅಚ್ಚುಕಟ್ಟಾಗಿ ಸಿಂಕ್ ಆಗಿದ್ದರೆ ಈ ರಾಜ ಯಾರೆಂದು ಇತಿಹಾಸಕಾರರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದರೇನೋ.